ಪ್ರೆಪ್ ಶುರು ಮಾಡಿಸಿದ ಮೇಲೆ ಜನ ನಮ್ಮ ಜೊತೆ ಉಳಿಯಬೇಕಾದರೆ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ದೂರದಿಂದಲೇ ನೋಡಿ, ಸೆರಗು ತಲೆ ಮೇಲೆ ಎಳೆದುಕೊಂಡು ಕಂಬದ ಮರೆಗೆ ಹೋದರು. ನಾಲ್ಕು ತಿಂಗಳ ಹಿಂದೆ ನಮ್ಮಲ್ಲೇ ಪ್ರೆಪ್, ಅಂದರೆ ಎಚ್‌ಐವಿ ಬರದಂತೆ ತಡೆಯುವ ಮಾತ್ರೆ, ಶುರು ಮಾಡಿದ್ದವರು. ನಾನೇ ಹತ್ತಿರ ಹೋಗಿ ಮಾತಾಡಿಸಿದೆ. "ಗುಳಿಗೆ ಬಿಟ್ಟುಬಿಟ್ಟೆ ಅಕ್ಕಾ. ಊರಿಗೆ ಹೋಗುವಾಗ ಡಬ್ಬಿ ಇಲ್ಲೇ ಮರೆತಿದ್ದೆ. ಎಂಟು ದಿನ ತಪ್ಪಿತು. ಬಂದಮೇಲೆ ನಿಮ್ಮ ಹತ್ರ ಬರೋಣ ಅಂದ್ರೆ ಬೈತೀರೇನೋ ಅಂತ ಹೆದರಿಕೆ" ಅಂದರು.

ಎಂಟು ದಿನ ತಪ್ಪಿದ್ದನ್ನು ಸರಿ ಮಾಡಬಹುದಿತ್ತು. ಆ ಎಂಟು ದಿನ ತಿಂಗಳುಗಟ್ಟಲೆ ಆಗಿದ್ದು ನಮ್ಮ ಮೇಲಿನ ಹೆದರಿಕೆಯಿಂದ. ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಜನ ಮಾತ್ರೆ ಬಿಡದಂತೆ ನೋಡಿಕೊಳ್ಳುವುದಕ್ಕಿಂತ, ಬಿಟ್ಟವರು ಸಂಕೋಚವಿಲ್ಲದೆ ವಾಪಸ್ ಬರುವಂತೆ ಮಾಡುವುದಕ್ಕೆ ಜಾಸ್ತಿ ಸಮಯ ಕೊಡತೊಡಗಿದೆ. ಕ್ಲಿನಿಕ್‌ಗಳಲ್ಲಿ, ಎನ್‌ಜಿಒಗಳಲ್ಲಿ ಈ ಕೆಲಸ ಮಾಡುವ ಕೌನ್ಸೆಲರ್, ನರ್ಸ್, ಪೀರ್ ಎಜುಕೇಟರ್‌ಗಳಿಗಾಗಿ (ಅದೇ ಸಮುದಾಯದಿಂದ ಬಂದು ತಿಳಿವಳಿಕೆ ಕೊಡುವವರು) ಕಲಿತದ್ದನ್ನೆಲ್ಲಾ ಇಲ್ಲಿ ಬರೆದಿದ್ದೇನೆ. ಮಾತ್ರೆ ಬರೆದುಕೊಡುವುದು ಡಾಕ್ಟರ್ ಕೆಲಸ. ಅದರ ಸುತ್ತ ಇರುವ ಮಿಕ್ಕಿದ್ದೆಲ್ಲಾ ನಮ್ಮ ಕೆಲಸ.

ಹೊಸಬರಿಗೆ ಎರಡು ಮಾತು. ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು ಅದು ಬರದಂತೆ ಮೊದಲೇ ತೆಗೆದುಕೊಳ್ಳುವ ಔಷಧಿ. ಒಂದೇ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ ಮತ್ತು ಎಮ್ಟ್ರಿಸಿಟಾಬಿನ್ 200 ಮಿಲಿಗ್ರಾಂ ಇರುತ್ತವೆ. ಅಮೆರಿಕದಲ್ಲಿ 2012ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸೋಂಕಿನ ಅಪಾಯ ಹೆಚ್ಚಿರುವ ಎಲ್ಲರಿಗೂ ಕೊಡಿ ಅಂತ ಹೇಳಿತು. ನಮ್ಮ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2022ರಲ್ಲಿ ಮಾರ್ಗಸೂಚಿ ತಂದಿತು. ಆದರೂ ನಮ್ಮಲ್ಲಿ ಬಹಳಷ್ಟು ಜನ ಇದನ್ನು ಕೈಯಿಂದ ದುಡ್ಡು ಹಾಕಿಯೇ ಕೊಳ್ಳುತ್ತಾರೆ. ಸಂಬಳ ಬರುವ ಮೊದಲಿನ ವಾರ ಮಾತ್ರೆ ನಿಂತುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಂತ 1: ಮಾತ್ರೆ ಕೊಡುವ ಮೊದಲೇ ಬಿಡುವ ಮಾತಾಡಿ

ಇದು ವಿಚಿತ್ರ ಅನ್ನಿಸಬಹುದು. ಮೊದಲ ದಿನವೇ ಬಿಡುವ ಮಾತು ಯಾಕೆ? ಎಷ್ಟೋ ಜನರ ತಲೆಯಲ್ಲಿ "ಒಮ್ಮೆ ಶುರು ಮಾಡಿದರೆ ಸಾಯೋತನಕ ನುಂಗಬೇಕು" ಅಂತ ಇರುತ್ತದೆ. ಎಚ್‌ಐವಿ ಇರುವವರ ಎಆರ್‌ಟಿ ಮಾತ್ರೆ ಜೀವನಪೂರ್ತಿ ಅಲ್ವಾ, ಇದೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ ಅಂತ ಬಿಡಿಸಿ ಹೇಳಿ. ಅಪಾಯ ಇರುವಷ್ಟು ಕಾಲ ತಗೊಳ್ಳಬಹುದು, ಬೇಡವಾದಾಗ ನಿಲ್ಲಿಸಬಹುದು, ಮತ್ತೆ ಬೇಕಾದಾಗ ಶುರು ಮಾಡಬಹುದು. ಇದನ್ನು ಕೇಳಿದ ಕೂಡಲೇ ಎಷ್ಟೋ ಮುಖಗಳು ಹಗುರಾಗುತ್ತವೆ.

ಆಮೇಲೆ ಕೇಳಿ: "ನಿಮಗೆ ಇದು ಯಾಕೆ ಬೇಕು ಅನ್ನಿಸಿತು?" ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಬ್ಬರು "ಗಿರಾಕಿ ಕಾಂಡೋಮ್ ಬೇಡ ಅಂದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ, ಅದಕ್ಕೆ" ಅಂದಿದ್ದರು. ಮತ್ತೊಬ್ಬ ಹುಡುಗ "ರಾತ್ರಿ ನಿದ್ದೆ ಬರಲ್ಲ ಮೇಡಂ, ಟೆಸ್ಟ್ ಮಾಡಿಸಿ ಮಾಡಿಸಿ ಸಾಕಾಗಿದೆ" ಅಂದ. ಎರಡು ತಿಂಗಳಾದ ಮೇಲೆ ಮನಸ್ಸು ಸಡಿಲವಾದಾಗ ಆ ಮಾತನ್ನೇ ಅವರಿಗೆ ನೆನಪಿಸಿದರೆ ಸಾಕು. ನಮ್ಮ ಭಾಷಣಕ್ಕಿಂತ ಅವರದೇ ಮಾತು ಅವರಿಗೆ ಬೇಗ ತಟ್ಟುತ್ತದೆ.

ಹಂತ 2: ಮೊದಲ ದಿನ ಅಲೆದಾಡಿಸಬೇಡಿ

"ಇವತ್ತು ರಕ್ತ ಕೊಡಿ, ನಾಳಿದ್ದು ರಿಪೋರ್ಟ್, ಸೋಮವಾರ ಡಾಕ್ಟರ್" ಅಂದರೆ ಕೂಲಿ ಬಿಟ್ಟು ಬಂದವರು ಸೋಮವಾರ ಬರುವುದಿಲ್ಲ. ಎಚ್‌ಐವಿ ಪರೀಕ್ಷೆ ಅವತ್ತೇ ಆಗಲೇಬೇಕು, ಅದರಲ್ಲಿ ರಾಜಿ ಬೇಡ. ಈಚೆಗೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ ಬಂದಿತ್ತಾ ಅಂತಲೂ ಕೇಳಿ. ಹೊಸ ಸೋಂಕು ಆಗಿದ್ದರೆ ಮೊದಮೊದಲು ಟೆಸ್ಟ್‌ನಲ್ಲಿ ಕಾಣದೇ ಇರಬಹುದು. ಕಳೆದ 72 ಗಂಟೆಯೊಳಗೆ ಅಪಾಯದ ಸಂಪರ್ಕ ಆಗಿದ್ದರೆ ಅವರಿಗೆ ಮೊದಲು ಬೇಕಾಗಿರುವುದು ಪೆಪ್, ಅಂದರೆ 28 ದಿನದ ಬೇರೆ ಚಿಕಿತ್ಸೆ. ಅದು ಮುಗಿದು ಟೆಸ್ಟ್ ನೆಗೆಟಿವ್ ಬಂದರೆ ಹಾಗೇ ಪ್ರೆಪ್‌ಗೆ ದಾಟಿಸಬಹುದು.

ಕಿಡ್ನಿಗೆ ಕ್ರಿಯಾಟಿನಿನ್, ಜೊತೆಗೆ ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗೆ ರಕ್ತವನ್ನು ಒಂದೇ ಸಲ ತೆಗೆದುಕೊಳ್ಳಿ. ಕಿಡ್ನಿ ಕಾಯಿಲೆ, ಸಕ್ಕರೆ ಕಾಯಿಲೆ, ಬಿಪಿ ಯಾವುದೂ ಇಲ್ಲದ ಚಿಕ್ಕ ವಯಸ್ಸಿನವರಾದರೆ, ರಿಪೋರ್ಟ್‌ಗೆ ಕಾಯದೆ ಅದೇ ದಿನ ಮಾತ್ರೆ ಶುರು ಮಾಡಬಹುದಾ ಅಂತ ಡಾಕ್ಟರ್ ಜೊತೆ ಮಾತಾಡಿ ನಿಮ್ಮ ಕ್ಲಿನಿಕ್‌ಗೆ ಒಂದು ನಿಯಮ ಮಾಡಿಕೊಳ್ಳಿ. ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಕಿಡ್ನಿ ರಕ್ತ ಶುದ್ಧ ಮಾಡುವ ವೇಗದ ಅಳತೆ, ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕಡಿಮೆ ಬಂದರೆ ಈ ಮಾತ್ರೆ ಬೇಡ. ಹೆಪಟೈಟಿಸ್ ಬಿ ಇದ್ದವರಿಗೆ ಪ್ರೆಪ್ ಕೊಡಬಹುದು, ಆದರೆ ಅವರು ಹೇಳದೆ ಕೇಳದೆ ನಿಲ್ಲಿಸಿದರೆ ಲಿವರ್ ಕಾಯಿಲೆ ಕೆರಳಬಹುದು. ಅಂಥವರ ಕಾರ್ಡಿನ ಮೇಲೆ ನಾನು ಕೆಂಪು ಗುರುತು ಹಾಕುತ್ತೇನೆ.

ಹಂತ 3: ಡಬ್ಬಿ ಎಲ್ಲಿಡ್ತೀರಿ ಅಂತ ಕೇಳಿ

ನನ್ನ ಅನುಭವದಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ. ಮಾತ್ರೆ ಬರುವುದು 30ರ ಪ್ಲಾಸ್ಟಿಕ್ ಡಬ್ಬಿಯಲ್ಲಿ. ನೋಡಲು ಎಚ್‌ಐವಿ ಮಾತ್ರೆಯ ಡಬ್ಬಿಯ ಹಾಗೇ ಇರುತ್ತದೆ. ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಂದೇ ಕೋಣೆಯ ಮನೆಯಲ್ಲಿ, ಪಿಜಿಯಲ್ಲಿ, ಅತ್ತೆ ದಿನಕ್ಕೆರಡು ಸಲ ಬೀರು ತೆಗೆಯುವ ಮನೆಯಲ್ಲಿ ಇದನ್ನು ಎಲ್ಲಿಡುವುದು? ಇದಕ್ಕೆ ಉತ್ತರ ಸಿಗದೆ ಮೊದಲ ವಾರದಲ್ಲೇ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದವರಿದ್ದಾರೆ.

ಆದ್ದರಿಂದ ಅಲ್ಲೇ ಕೂತು ಜಾಗ ಗೊತ್ತು ಮಾಡಿ. ಚೀಟಿ ಕಿತ್ತ ಡಬ್ಬಿಯಾದರೂ ಸರಿ, ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣ ಹಾಗೇ ಇರಲಿ. ಗಲಗಲ ಸದ್ದಿಗೆ ಒಂದು ಉಂಡೆ ಹತ್ತಿ ಹಾಕಿದರೆ ಸಾಕು. ವಾರಕ್ಕೆ ಬೇಕಾದ ಏಳು ಮಾತ್ರೆಯನ್ನು ಮಾತ್ರ ಪರ್ಸಿನೊಳಗಿನ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡು, ಮಿಕ್ಕಿದ್ದನ್ನು ನಂಬಿಕೆಯ ಗೆಳತಿಯ ಹತ್ತಿರ ಬಿಡುವವರೂ ಇದ್ದಾರೆ. ತೀರಾ ಕಷ್ಟ ಇರುವವರ ಡಬ್ಬಿಯನ್ನು ನಾವು ಕ್ಲಿನಿಕ್‌ನಲ್ಲೇ ಇಟ್ಟುಕೊಂಡು ವಾರ ವಾರ ಕೊಟ್ಟಿದ್ದೂ ಇದೆ.

"ಯಾರಾದರೂ ನೋಡಿ ಏನಿದು ಅಂದ್ರೆ ಏನು ಹೇಳ್ತೀರಿ?" ಈ ಪ್ರಶ್ನೆಗೂ ಮೊದಲೇ ತಯಾರಿ ಬೇಕು. ಉತ್ತರ ಅವರೇ ಹುಡುಕಲಿ. ನಮ್ಮೆದುರು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಲಿ. ಸಿಕ್ಕಿಬಿದ್ದ ಹೊತ್ತಿನಲ್ಲಿ ತಡವರಿಸುವುದು ತಪ್ಪುತ್ತದೆ. ಆದರೆ ಗಂಡನೋ ಜೊತೆಗಾರನೋ ಹೊಡೆಯುವ ಮನೆಯಾದರೆ ಮಾತು ಇಷ್ಟಕ್ಕೇ ನಿಲ್ಲಬಾರದು. ಅವರ ಸುರಕ್ಷತೆ ಮೊದಲು, ಮಾತ್ರೆ ಆಮೇಲೆ.

ಹಂತ 4: ಪಥ್ಯ, ಉಷ್ಣ, ಎಣ್ಣೆ

ನಮ್ಮ ಜನ ಕೇಳುವ ಮೊದಲ ಪ್ರಶ್ನೆ "ಪಥ್ಯ ಏನು?" ಪಥ್ಯ ಏನೂ ಇಲ್ಲ. ಊಟದ ಮುಂಚೆಯೋ ಆಮೇಲೋ, ಯಾವಾಗ ಬೇಕಾದರೂ ತಗೊಳ್ಳಬಹುದು. ಉಪವಾಸದ ದಿನವೂ ಒಂದು ಗುಟುಕು ನೀರಲ್ಲಿ ನುಂಗಬಹುದು, ಅದಕ್ಕೂ ಮನಸ್ಸು ಒಪ್ಪದಿದ್ದರೆ ಉಪವಾಸ ಬಿಟ್ಟ ಕೂಡಲೇ ತಗೊಳ್ಳಲಿ. "ಗುಳಿಗೆ ಉಷ್ಣ ಆಗುತ್ತೆ" ಅಂದರೆ ನಗಬೇಡಿ. ಉಷ್ಣ ಅಂದರೆ ಅವರಿಗೆ ಏನಾಗುತ್ತಿದೆ ಅಂತ ಬಿಡಿಸಿ ಕೇಳಿ. ಉರಿಮೂತ್ರವೋ, ಬಾಯಿಹುಣ್ಣೋ, ಬಿಳಿಸೆರಗೋ? ಕೆಲವೊಮ್ಮೆ ಅದರ ಹಿಂದೆ ಬೇರೆ ಲೈಂಗಿಕ ಸೋಂಕು ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಕು.

ಕುಡಿತದ ವಿಷಯ ನೇರವಾಗಿ ಹೇಳಿ. ಎಣ್ಣೆ ಹಾಕಿದ ದಿನ ಗುಳಿಗೆ ತಗೊಳ್ಳಬಾರದು ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಆದರೆ ಕಾಂಡೋಮ್ ತಪ್ಪುವ ದಿನವೂ ಅದೇ ಆಗಿರುತ್ತದೆ! ಕುಡಿದರೂ ಮಾತ್ರೆ ಕೆಲಸ ಮಾಡುತ್ತದೆ, ಆ ದಿನ ತಪ್ಪಿಸಬಾರದು. ಕುಡಿಯುವುದಕ್ಕೆ ಮುಂಚೆಯೇ ನುಂಗಿಬಿಡಿ, ಆಮೇಲೆ ನೆನಪಿರಲ್ಲ.

ಗರ್ಭನಿರೋಧಕ ಗುಳಿಗೆ, ಇಂಜೆಕ್ಷನ್ ಜೊತೆ ಇದು ತಗಾದೆ ಮಾಡುವುದಿಲ್ಲ. ಬಸುರಿ, ಬಾಣಂತಿಯರೂ ತಗೊಳ್ಳಬಹುದು. ಹಾರ್ಮೋನ್ ತಗೊಳ್ಳುವ ಟ್ರಾನ್ಸ್ ಮಹಿಳೆಯರಿಗೆ "ಗುಳಿಗೆಯಿಂದ ಹಾರ್ಮೋನ್ ಕೆಲಸ ಕಡಿಮೆಯಾಗುತ್ತಾ?" ಅನ್ನುವುದೇ ದೊಡ್ಡ ಚಿಂತೆ. ಆಗುವುದಿಲ್ಲ ಅಂತ ಅವರು ಕೇಳುವ ಮುಂಚೆಯೇ ಹೇಳಿ. ಎಷ್ಟೋ ಜನ ಕೇಳದೆ, ಸುಮ್ನೆ ಬಿಟ್ಟುಬಿಡುತ್ತಾರೆ.

ಹಂತ 5: ಮೊದಲ ತಿಂಗಳು ಹತ್ತಿರದಲ್ಲೇ ಇರಿ

ಹತ್ತರಲ್ಲಿ ಒಬ್ಬರಿಗೆ ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಗ್ಯಾಸ್, ತಲೆನೋವು ಇರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ತಾನಾಗೇ ಹೋಗುತ್ತದೆ. ಮೊದಲೇ ಹೇಳಿದ್ದರೆ ಜನ ತಡೆದುಕೊಳ್ಳುತ್ತಾರೆ. ಹೇಳದಿದ್ದರೆ "ಗುಳಿಗೆ ಮೈಗೆ ಆಗಲಿಲ್ಲ" ಅಂತ ಬಿಡುತ್ತಾರೆ, ಮತ್ತೆ ನಾಲ್ಕು ಜನಕ್ಕೂ ಅದನ್ನೇ ಹೇಳುತ್ತಾರೆ. ರಾತ್ರಿ ಊಟ ಮಾಡಿ ಮಲಗುವಾಗ ತಗೊಂಡರೆ ತೊಳಸು ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿಯೇ ಕೆಲಸಕ್ಕೆ ಹೋಗುವವರಿಗೆ ಈ ಸಲಹೆ ಕೂಡುವುದಿಲ್ಲ, ಅವರು ಬೆಳಗ್ಗೆ ಮನೆಗೆ ಬಂದು ತಿಂಡಿ ತಿಂದು ತಗೊಳ್ಳಲಿ.

ನಾನು ಮೂರನೇ ದಿನ ಒಂದು ಫೋನ್, ಹತ್ತನೇ ದಿನ ಇನ್ನೊಂದು ಫೋನ್ ಮಾಡುತ್ತೇನೆ. ಎರಡು ನಿಮಿಷ ಸಾಕು. ಒಂದು ತಿಂಗಳಿಗೆ ಮತ್ತೆ ಎಚ್‌ಐವಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಜನ ಜಾರಿಹೋಗುವುದು ಈ ಮೊದಲ ತಿಂಗಳು ಮತ್ತು ಮೂರನೇ ತಿಂಗಳ ನಡುವೆಯೇ ಜಾಸ್ತಿ.

ಇನ್ನೊಂದು ಮಾತು. ಮೊದಲ ದಿನದ ಮಾತ್ರೆಯಿಂದಲೇ ರಕ್ಷಣೆ ಸಿಗುತ್ತದೆ ಅಂದುಕೊಂಡವರಿದ್ದಾರೆ. ಹೆಂಗಸರಿಗೆ ದಿನಾ ತಪ್ಪದೆ ಏಳು ದಿನ ಆಗಬೇಕು. ಅಲ್ಲಿತನಕ ಕಾಂಡೋಮ್ ಒಂದೇ ದಾರಿ. ಮಾತ್ರೆ ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ, ಬಸಿರನ್ನೂ ತಡೆಯುವುದಿಲ್ಲ.

ಹಂತ 6: ತಪ್ಪಿದ ಮಾತ್ರೆ ಬಗ್ಗೆ ಕೇಳುವ ರೀತಿ

"ಸರಿಯಾಗಿ ತಗೊಳ್ತಿದ್ದೀರಾ?" ಅಂದರೆ "ಹೂಂ ಮೇಡಂ" ಅನ್ನುತ್ತಾರೆ. ಮತ್ತೇನು ಅಂದಾರು?

ಆಫ್ರಿಕಾದ ಮೂರು ದೇಶಗಳ ಹೆಂಗಸರಲ್ಲಿ ಫೆಮ್-ಪ್ರೆಪ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿತ್ತು, ಅದರ ವರದಿ 2012ರಲ್ಲಿ ಬಂತು. ಕೇಳಿದಾಗ ಹತ್ತಿರ ಹತ್ತಿರ ಎಲ್ಲರೂ ಮಾತ್ರೆ ತಗೊಳ್ತಿದ್ದೇವೆ ಅಂದಿದ್ದರು. ರಕ್ತ ನೋಡಿದರೆ ನೂರಕ್ಕೆ 40 ಜನರಲ್ಲೂ ಔಷಧಿ ಇರಲಿಲ್ಲ. ಮಾತ್ರೆಯಿಂದ ಲಾಭವೂ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರಲ್ಲಿ ನಡೆದ ಐಪ್ರೆಕ್ಸ್ ಅಧ್ಯಯನದಲ್ಲಿ ಎಲ್ಲರನ್ನೂ ಸೇರಿಸಿದರೆ ಸೋಂಕು ಶೇಕಡ 44ರಷ್ಟು ಕಡಿಮೆಯಾಗಿತ್ತು, ರಕ್ತದಲ್ಲಿ ಔಷಧಿ ಇದ್ದವರಲ್ಲಿ ಮಾತ್ರ ನೋಡಿದರೆ ಶೇಕಡ 90ಕ್ಕೂ ಹೆಚ್ಚು. ಅಂದರೆ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದು ಹೊಟ್ಟೆಗೆ ಹೋಗುತ್ತಿದೆಯಾ ಅಂತ ನಮಗೆ ನಿಜ ಗೊತ್ತಾಗಬೇಕು. ನಿಜ ಹೇಳಿದರೆ ಬೈಗುಳ ಸಿಗುವ ಕಡೆ ಯಾರೂ ನಿಜ ಹೇಳುವುದಿಲ್ಲ.

ನಾನು ಕೇಳುವುದು ಹೀಗೆ: "ದಿನಾ ನೆನಪಿಡೋದು ಕಷ್ಟಾನೇ. ಕಳೆದ ವಾರ ಎಷ್ಟು ದಿನ ತಪ್ಪಿತು?" ತಪ್ಪಿರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೇಳಿದರೆ "ಎರಡು ದಿನ" ಅಂತ ಬಾಯಿಗೆ ಬರುತ್ತದೆ. ಆಗ ಹುಬ್ಬು ಏರಿಸಬೇಡಿ. "ಆ ಎರಡು ದಿನ ಏನಾಗಿತ್ತು?" ಅಂತ ಕೇಳಿ. ಕಾರಣ ಸಿಕ್ಕರೆ ಪರಿಹಾರವೂ ಅಲ್ಲೇ ಸಿಗುತ್ತದೆ. ನೆಂಟರು ಬಂದಿದ್ದರು, ನೈಟ್ ಡ್ಯೂಟಿ ಬಿತ್ತು, ಡಬ್ಬಿ ಅಟ್ಟದ ಮೇಲಿತ್ತು.

ಮರೆತ ಮಾತ್ರೆಯ ನಿಯಮ ಸರಳ. ನೆನಪಾದ ಕೂಡಲೇ ಒಂದು ತಗೊಳ್ಳಿ, ಮಾರನೇ ದಿನ ಎಂದಿನಂತೆ. ತಪ್ಪಿದ್ದಕ್ಕೆಲ್ಲಾ ಲೆಕ್ಕ ಹಾಕಿ ಒಟ್ಟಿಗೆ ನುಂಗಬೇಡಿ. ನೆನಪಿಗೆ ಮೊಬೈಲ್ ಅಲಾರಂ ಒಳ್ಳೆಯದೇ, ಆದರೆ ಅಲಾರಂ ಹೊಡೆದಾಗ ಡಬ್ಬಿ ಕೈಗೆ ಸಿಗುವ ಜಾಗದಲ್ಲಿ ಇರಬೇಕಲ್ವಾ? ದಿನಾ ಮಾಡುವ ಕೆಲಸಕ್ಕೆ ಕಟ್ಟಿದರೆ ಇನ್ನೂ ಗಟ್ಟಿ: ಹಲ್ಲುಜ್ಜಿದ ಮೇಲೆ, ದೇವರಿಗೆ ದೀಪ ಹಚ್ಚಿದ ಮೇಲೆ, ಸೀರಿಯಲ್ ಮುಗಿದ ಮೇಲೆ.

ದಿನಾ ತಗೊಳ್ಳುವುದು ಆಗದ ಗಂಡಸರಿಗೆ 2-1-1 ಅನ್ನುವ ಕ್ರಮವೂ ಇದೆ. ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಎರಡು ನುಂಗಿದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಮರುದಿನಗಳಲ್ಲೂ ಸಂಪರ್ಕ ಇದ್ದರೆ ದಿನಾ ಒಂದರಂತೆ ಮುಂದುವರಿಸಿ, ಕೊನೆಯ ಸಂಪರ್ಕದ ನಂತರ ಎರಡು ದಿನ ತಗೊಳ್ಳಬೇಕು. ಇದು ಹೆಂಗಸರಿಗಲ್ಲ, ಈಸ್ಟ್ರೋಜನ್ ಹಾರ್ಮೋನ್ ತಗೊಳ್ಳುವ ಟ್ರಾನ್ಸ್ ಮಹಿಳೆಯರಿಗಲ್ಲ, ಹೆಪಟೈಟಿಸ್ ಬಿ ಇರುವವರಿಗೂ ಅಲ್ಲ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಗೆಳೆಯನನ್ನು ನೋಡಲು ಬೇರೆ ಊರಿಗೆ ಹೋಗುವ ಹುಡುಗರಿಗೆ ಇದು ಎಷ್ಟು ಅನುಕೂಲ ಅಂದರೆ, ದಿನದ ಮಾತ್ರೆ ಬಿಟ್ಟುಹೋಗಿದ್ದವರು ಇದಕ್ಕಾಗಿ ವಾಪಸ್ ಬಂದಿದ್ದಾರೆ. ಡಾಕ್ಟರ್ ಹತ್ತಿರ ಕೇಳಿಯೇ ಬದಲಾಯಿಸಿ.

ಹಂತ 7: ಅವರ ದಿನಚರಿಗೆ ನಮ್ಮ ಸಮಯ ಹೊಂದಿಸಿ

ಬೆಳಗ್ಗೆ ಹತ್ತಕ್ಕೆ ಓಪಿಡಿ ಅಂದರೆ ರಾತ್ರಿ ದುಡಿದವರು ಬರುವುದಿಲ್ಲ. ವಾರಕ್ಕೆ ಒಂದು ಸಂಜೆಯಾದರೂ ತೆರೆದಿಡಿ. ಜಾತ್ರೆಗೆ, ಸುಗ್ಗಿಗೆ, ಮದುವೆ ಸೀಸನ್ನಿಗೆ, ಗೋವಾ ಮುಂಬೈ ಕಡೆ ದುಡಿಯಲು ಹೋಗುವವರಿರುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋದ ಜೋಗಪ್ಪ, ಜೋಗತಿಯರಿಗೆ ಆ ವಾರ ಫಾಲೋಅಪ್ ತಾರೀಖು ಕೊಟ್ಟರೆ ಏನು ಪ್ರಯೋಜನ? ಊರು ಬಿಡುವ ಮುಂಚೆ ಬಂದು ಟೆಸ್ಟ್ ಮಾಡಿಸಿ ಮಾತ್ರೆ ಒಯ್ಯಲಿ. ಪರೀಕ್ಷೆ ಸರಿ ಇದ್ದು ಮನಸ್ಸೂ ಕೂತವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಪ್ರತಿ ತಿಂಗಳೂ ಬಸ್ ಚಾರ್ಜ್ ಹಾಕಿಸಬೇಡಿ.

ಫೋನ್, ವಾಟ್ಸಾಪ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ನಾನೇ ಹೊಸದರಲ್ಲಿ ಒಬ್ಬರಿಗೆ "ಪ್ರೆಪ್ ತಾರೀಖು ನಾಳೆ" ಅಂತ ಮೆಸೇಜ್ ಹಾಕಿದ್ದೆ, ಅದನ್ನು ಅವರ ತಮ್ಮ ಓದಿದ. ಅವರು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಯಾವ ನಂಬರ್‌ಗೆ, ಯಾವ ಹೊತ್ತಿಗೆ, ಏನೆಂದು ಬರೆಯಬೇಕು ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. "ಬ್ಲೌಸ್ ರೆಡಿ ಇದೆ, ಬಂದು ಒಯ್ಯಿರಿ" ಅಂತ ಕಳಿಸಿ ಅಂದವರೂ ಇದ್ದಾರೆ, ಹಾಗೇ ಕಳಿಸಿದ್ದೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಎಚ್‌ಐವಿ ಕುರಿತ ಗುಟ್ಟು ಬಯಲು ಮಾಡಬಾರದು ಅನ್ನುತ್ತದೆ. ಹೆಸರು ಕೂಗಿ ಕರೆಯುವ ಬದಲು ನಂಬರ್ ಕೊಡಿ. ರಿಜಿಸ್ಟರ್ ಬೀಗದೊಳಗಿರಲಿ.

ಹಂತ 8: ಜೊತೆಯವರನ್ನು ಮುಂದೆ ಬಿಡಿ

ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿ ಪ್ರೆಪ್ ಕೊಟ್ಟು ನೋಡುವ ಒಂದು ಪ್ರಾಯೋಗಿಕ ಯೋಜನೆ ನಡೆಸಿತ್ತು. 600ಕ್ಕೂ ಹೆಚ್ಚು ಹೆಂಗಸರು ಸೇರಿದರು, ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೂ ಉಳಿದರು. ಕೋಲ್ಕತ್ತಾದ ಸೋನಾಗಾಚಿಯಲ್ಲೂ ಲೈಂಗಿಕ ಕಾರ್ಯಕರ್ತೆಯರದೇ ಆದ ದುರ್ಬಾರ್ ಸಮಿತಿಯ ಹೆಂಗಸರು ಇಂಥದ್ದೇ ಯೋಜನೆ ನಡೆಸಿದರು. ಫೆಮ್-ಪ್ರೆಪ್‌ನಲ್ಲಿ ಕೊಟ್ಟಿದ್ದೂ ಇದೇ ಮಾತ್ರೆ. ಮೈಸೂರಿನಲ್ಲಿ ಬೇರೆ ಇದ್ದದ್ದೇನು ಅಂದರೆ, ಕೇಳುವವರು, ನೆನಪಿಸುವವರು, ಗಾಳಿಸುದ್ದಿಗೆ ಉತ್ತರ ಕೊಡುವವರು ಎಲ್ಲರೂ ಅವರವರೇ. "ನಾನೂ ತಗೊಳ್ತೀನಿ ಕಣೇ, ಮೊದಲ ವಾರ ನಂಗೂ ತೊಳಸ್ತಿತ್ತು" ಅಂತ ಜೊತೆಯವಳು ಹೇಳಿದ ಮಾತಿಗೆ ಇರುವ ತೂಕ ನನ್ನ ಮಾತಿಗೆ ಯಾವತ್ತೂ ಬರುವುದಿಲ್ಲ.

ಅದಕ್ಕೇ ಪೀರ್ ಎಜುಕೇಟರನ್ನು ಬರೀ ಮಾತ್ರೆ ಹಂಚುವವರನ್ನಾಗಿ ಮಾಡಬೇಡಿ. ಅವರಿಗೆ ಸಂಬಳ ಸರಿಯಾಗಿ ಕೊಡಿ, ಮೀಟಿಂಗಿನಲ್ಲಿ ಅವರ ಮಾತು ಮೊದಲು ಕೇಳಿ. ಟ್ರಾನ್ಸ್ ಸಮುದಾಯದಲ್ಲಿ ಗುರುವಿಗೆ ಮೊದಲು ತಿಳಿಸಿ ಹೇಳಿ. ಗುರು ಒಪ್ಪಿದರೆ ಚೇಲಾಗಳಿಗೆ (ಶಿಷ್ಯೆಯರಿಗೆ) ಅವರೆಲ್ಲಾ ಒಟ್ಟಿಗಿರುವ ಹಮಾಮ್‌ನಲ್ಲಿ ಡಬ್ಬಿ ಮುಚ್ಚಿಡುವ ಕಷ್ಟವೇ ಇರುವುದಿಲ್ಲ. ಆದರೆ ಯಾರು ತಗೊಳ್ತಿದ್ದಾರೆ ಅನ್ನುವ ಹೆಸರು ಗುರುವಿಗೂ ಹೇಳಬಾರದು.

ಹಂತ 9: ನಿಲ್ಲಿಸುವುದು, ಮತ್ತೆ ಶುರು ಮಾಡುವುದು

"ಮೇಡಂ, ಕೆಲಸ ಬಿಟ್ಟೆ, ಈಗ ಬೇಡ." "ಇಬ್ಬರೂ ಟೆಸ್ಟ್ ಮಾಡಿಸಿದ್ವಿ, ಬೇರೆ ಯಾರೂ ಇಲ್ಲ." ಜೊತೆಗಾರನಿಗೆ ಎಚ್‌ಐವಿ ಇದ್ದು, ಎಆರ್‌ಟಿ ತಪ್ಪದೆ ತಗೊಂಡು ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದರೆ ಅವರಿಂದ ಸೋಂಕು ದಾಟುವುದಿಲ್ಲ, ಆಗಲೂ ಪ್ರೆಪ್ ನಿಲ್ಲಿಸುವ ಮಾತು ಬರುತ್ತದೆ. ಇವೆಲ್ಲಾ ಒಳ್ಳೆಯ ಕಾರಣಗಳೇ. ಇವರನ್ನು ರಿಜಿಸ್ಟರಿನಲ್ಲಿ ಡ್ರಾಪ್‌ಔಟ್ ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ನಾವು "ಸದ್ಯ ನಿಲ್ಲಿಸಿದ್ದಾರೆ" ಅಂತ ಬೇರೆ ಕಾಲಂ ಮಾಡಿದ್ದೇವೆ.

ಕೊನೆಯ ಸಂಪರ್ಕದ ಮಾರನೇ ದಿನವೇ ನಿಲ್ಲಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸಲಹೆಯಂತೆ ಗಂಡಸರು ಕೊನೆಯ ಸಂಪರ್ಕದ ನಂತರ ಎರಡು ದಿನ, ಹೆಂಗಸರು ಏಳು ದಿನ ತಗೊಂಡು ನಿಲ್ಲಿಸಬೇಕು. ಹಳೆಯ ಸಲಹೆಯಲ್ಲಿ 28 ದಿನ ಅಂತ ಇತ್ತು, ಈಗಲೂ ಕೆಲವು ಕಡೆ ಹಾಗೇ ಹೇಳುತ್ತಾರೆ. ನಿಮ್ಮ ಡಾಕ್ಟರ್ ಯಾವುದನ್ನು ಹಿಡಿದಿದ್ದಾರೋ ಅದನ್ನೇ ಎಲ್ಲರೂ ಹೇಳಿ, ಒಬ್ಬೊಬ್ಬರು ಒಂದೊಂದು ಹೇಳಬೇಡಿ.

ಬಿಟ್ಟು ಹೋಗುವ ದಿನ ಒಂದು ಚೀಟಿ ಕೊಡಿ. ಅದರಲ್ಲಿ ನಿಮ್ಮ ನಂಬರ್, ನ್ಯಾಕೋ ಉಚಿತ ಸಹಾಯವಾಣಿ 1097, ಜೊತೆಗೆ "ಯಾವಾಗ ಬೇಕಾದರೂ ಬನ್ನಿ, ಮೊದಲು ಒಂದು ಟೆಸ್ಟ್, ಅಷ್ಟೇ" ಅನ್ನುವ ಒಂದು ಸಾಲು. ಮತ್ತೆ ಶುರು ಮಾಡುವಾಗ ಆ ಟೆಸ್ಟ್ ಮಾತ್ರ ಬಿಡುವಂತಿಲ್ಲ. ನಡುವೆ ಸೋಂಕು ಆಗಿದ್ದು ಗೊತ್ತಿಲ್ಲದೆ ಪ್ರೆಪ್ ತಗೊಂಡರೆ ವೈರಸ್ ಈ ಔಷಧಿಗೆ ಬಗ್ಗದಂತಾಗಬಹುದು.

ಹಂತ 10: ಇಂಜೆಕ್ಷನ್ ಬರುತ್ತಲ್ಲಾ ಅಂದವರಿಗೆ

ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2021ರಲ್ಲೇ ಒಪ್ಪಿಗೆ ಸಿಕ್ಕಿತು. ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್‌ಗೆ 2025ರ ಜೂನ್‌ನಲ್ಲಿ ಸಿಕ್ಕಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ದಕ್ಷಿಣ ಆಫ್ರಿಕಾ, ಉಗಾಂಡಾದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಆಗಲಿಲ್ಲ. ಅಗ್ಗದ ದರದಲ್ಲಿ ತಯಾರಿಸಲು ಪರವಾನಗಿ ಪಡೆದವುಗಳಲ್ಲಿ ಭಾರತದ ಕಂಪನಿಗಳೂ ಇವೆ. ಡಬ್ಬಿ ಬಚ್ಚಿಡುವ ಕಷ್ಟ ತಪ್ಪುತ್ತದೆ ಅನ್ನುವುದು ನನಗೆ ದೊಡ್ಡ ಸಂತೋಷ. ಆದರೆ ಆರು ತಿಂಗಳಾದ ಮೇಲೆ ಅವರನ್ನು ಹುಡುಕಿ ಕರೆಯುವ ಕೆಲಸ ಆಗಲೂ ನಮ್ಮದೇ. ಇಂಜೆಕ್ಷನ್ ಬಿಟ್ಟರೂ ಔಷಧಿ ಮೈಯಲ್ಲಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ, ಆಗ ಸೋಂಕು ಆದರೆ ತೊಂದರೆ ಜಾಸ್ತಿ. ಹಾಗಾಗಿ ಫೋನ್ ಪುಸ್ತಕ ಈಗಿಂದಲೇ ಸರಿ ಇಟ್ಟುಕೊಳ್ಳಿ.

ಹಂತ 11: ಬರದೇ ಇದ್ದವರಿಗೆ ಫೋನ್ ಮಾಡುವುದು

ತಾರೀಖು ದಾಟಿ ಏಳು ದಿನವಾದರೆ ಫೋನ್ ಮಾಡಿ, ತಿಂಗಳಾಗುವವರೆಗೆ ಕಾಯಬೇಡಿ. ಬೇರೆ ಯಾರಾದರೂ ಎತ್ತಿದರೆ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡಿ, ಎಲ್ಲಿಂದ ಅಂತ ಹೇಳಬೇಡಿ. ಅವರೇ ಎತ್ತಿದರೆ "ಯಾಕೆ ಬರಲಿಲ್ಲ" ಅಂತ ಶುರು ಮಾಡಬೇಡಿ. ನಾನು ಹೇಳುವುದು ಇಷ್ಟು: "ಹೇಗಿದ್ದೀರಿ ಅಕ್ಕಾ? ಮಾತಾಡೋಕೆ ಆಗುತ್ತಾ ಈಗ? ಗುಳಿಗೆ ತಪ್ಪಿದ್ರೂ ಪರವಾಗಿಲ್ಲ, ಒಮ್ಮೆ ಬಂದು ಹೋಗಿ, ಟೆಸ್ಟ್ ಮಾಡೋಣ." ಮೂರು ಸಲ ಪ್ರಯತ್ನಿಸಿ. ಆಗಲೂ ಸಿಗದಿದ್ದರೆ, ಅವರೇ ಮೊದಲು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಪೀರ್ ಎಜುಕೇಟರ್ ಕೈಲಿ ಹೇಳಿ ಕಳಿಸಿ.

ಬಂದ ದಿನ ಕಾಯಿಸಬೇಡಿ. ಹೊಸ ಕಾರ್ಡ್ ಮಾಡಿಸಬೇಡಿ, ಹಳೆಯ ಕಾರ್ಡನ್ನೇ ತೆಗೆದು ಮುಂದುವರಿಸಿ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆ ಅಕ್ಕ ಮಾರನೇ ದಿನವೇ ಬಂದರು. ಟೆಸ್ಟ್ ನೆಗೆಟಿವ್ ಬಂತು. ಡಬ್ಬಿ ಕೊಟ್ಟು, ಊರಿಗೆ ಹೋಗುವ ಚೀಲದಲ್ಲಿ ಇಟ್ಟಿರಿ ಅಂತ ಏಳು ಮಾತ್ರೆಯ ಒಂದು ಸಣ್ಣ ಡಬ್ಬಿಯನ್ನೂ ಬೇರೆಯಾಗಿ ಕೊಟ್ಟೆ.